ವಿಂಡೋಸ್ ಎಲ್ಲಿಗೂ ಹೋಗಿರಲಿಲ್ಲ: ಪೆರ್ಲದ ಲ್ಯಾಪ್‌ಟಾಪಿನ ಬೂಟ್ ರಿಪೇರಿ

ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಯಾವ ಸಿಸ್ಟಮ್ ತೆರೆಯಬೇಕು ಎಂದು ಕೇಳುವ ಗ್ರಬ್ ಮೆನು ಬರುತ್ತಿತ್ತು. ಅದರಲ್ಲಿ ಲಿನಕ್ಸ್ ಒಂದೇ ಇತ್ತು. ವಿಂಡೋಸ್‌ನ ಹೆಸರೇ ಇಲ್ಲ. ಲಿನಕ್ಸ್ ಒತ್ತಿದರೆ ಸರಿಯಾಗಿ ತೆರೆದುಕೊಳ್ಳುತ್ತದೆ. ಆದರೆ ಮನೆಯ ಲೆಕ್ಕಪತ್ರವೆಲ್ಲ ಇರುವುದು ವಿಂಡೋಸ್‌ನಲ್ಲಿ. ಪೇಟೆಯ ಒಂದು ಅಂಗಡಿಗೆ ಕೊಂಡುಹೋದಾಗ ‘ವಿಂಡೋಸ್ ಅಳಿಸಿ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು’ ಎಂದರಂತೆ. ಫಾರ್ಮ್ಯಾಟ್‌ಗೆ ಒಪ್ಪದೆ ಲ್ಯಾಪ್‌ಟಾಪನ್ನು ಮನೆಗೆ ವಾಪಸ್ ತಂದದ್ದು ಒಳ್ಳೆಯದಾಯಿತು.

ಇದು ಕಾಸರಗೋಡಿನ ಪೆರ್ಲದ ಹತ್ತಿರ ಇರುವ ನನ್ನ ಅಕ್ಕನ ಮನೆಯ ಯಂತ್ರ. ಭಾವ ಅದರಲ್ಲಿ ಅಡಿಕೆಯ ಲೆಕ್ಕ ಬರೆಯುತ್ತಾರೆ. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಜಮಾ-ಖರ್ಚು ಕೂಡ ಅದರಲ್ಲೇ ಇದೆ, ಎಕ್ಸೆಲ್ ಫೈಲುಗಳಲ್ಲಿ. ಅಕ್ಕನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಅವಳಿಗೆ ಐಟಿ ಪ್ರಾಕ್ಟಿಕಲ್ ಅಭ್ಯಾಸಕ್ಕೆ ಲಿನಕ್ಸ್ ಬೇಕು.

ಘಟ್ಟದ ಆಚೆ ಇರುವವರಿಗೆ ಇದು ಹೊಸ ವಿಷಯ ಆಗಬಹುದು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲಿ. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು 22.04ರ ಮೇಲೆ ಕಟ್ಟಿದ ಕೈಟ್ ಗ್ನೂ/ಲಿನಕ್ಸ್ ಅವರದ್ದೇ. ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆಯೂ ಅದರಲ್ಲೇ. ಇಂಕ್‌ಸ್ಕೇಪ್, ಲಿಬ್ರೆ ಆಫೀಸ್, ಪೈಥಾನ್ ಎಲ್ಲ ಮೊದಲೇ ತುಂಬಿಸಿ ಕೊಟ್ಟಿರುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಯ ಹಳ್ಳಿ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಮುಟ್ಟುತ್ತಾರೆ. ನನಗೆ ಇದು ನಿಜವಾಗಿಯೂ ಹೆಮ್ಮೆಯ ಸಂಗತಿ. ಹಾಗಾಗಿ ಈ ಯಂತ್ರದಲ್ಲಿ ಎರಡೂ ಇರಲೇಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಂಡೆ. ಒಂದನ್ನು ಉಳಿಸಲು ಇನ್ನೊಂದನ್ನು ತೆಗೆಯುವುದು ರಿಪೇರಿಯೇ ಅಲ್ಲ.

ಇನ್ನೊಂದು ಕಾರಣವೂ ಉಂಟು. ಇದು ಏಳನೇ ತಲೆಮಾರಿನ ಇಂಟೆಲ್ ಐ5 ಇರುವ ಲ್ಯಾಪ್‌ಟಾಪ್. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಎಂಟನೇ ತಲೆಮಾರಿನಿಂದ ಮೇಲಿನದನ್ನು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರದಲ್ಲಿ ಇಂಟರ್ನೆಟ್ ಕೆಲಸವನ್ನು ಮೆಲ್ಲ ಲಿನಕ್ಸ್‌ಗೆ ವರ್ಗಾಯಿಸುವುದು ಒಳ್ಳೆಯದು.

ಮೊದಲು ನೋಡಿದ್ದು

ಒಳಗೆ ಎರಡು ಡಿಸ್ಕ್. ಒಂದು 128 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ. ಇನ್ನೊಂದು 1 ಟಿಬಿಯ ಹಾರ್ಡ್‌ಡಿಸ್ಕ್, ಅಂದರೆ ವಿಂಡೋಸ್‌ನ ಡಿ ಡ್ರೈವ್. ಲಿನಕ್ಸ್ ಹಾಕಿಕೊಟ್ಟದ್ದು ನೆರೆಮನೆಯ ಕಾಲೇಜು ಹುಡುಗ. ಅವನನ್ನು ಕರೆದು ಕೇಳಿದೆ. ಡಿ ಡ್ರೈವನ್ನು ಕುಗ್ಗಿಸಿ ಖಾಲಿ ಜಾಗ ಮಾಡಿದ್ದಾನೆ, ಅಲ್ಲಿ ಲಿನಕ್ಸ್ ಹಾಕಿದ್ದಾನೆ. ಎಸ್‌ಎಸ್‌ಡಿಯನ್ನು ಮುಟ್ಟಿಯೇ ಇಲ್ಲ. ತುಂಬ ಜಾಗ್ರತೆಯ ಕೆಲಸ. ‘ಪೆನ್‌ಡ್ರೈವ್ ಕಾಣ್ತಾ ಇರಲಿಲ್ಲ ಅಣ್ಣ, ಅದಕ್ಕೆ ಬಯೋಸ್‌ನಲ್ಲಿ ಲೆಗಸಿ ಆನ್ ಮಾಡಿದೆ’ ಎಂದ. ಬಯೋಸ್ ಎಂದರೆ ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ಸ್, ಲೆಗಸಿ ಎಂದರೆ ಹಳೆಯ ಬೂಟ್ ರೀತಿ. ಅಷ್ಟು ಕೇಳಿದ ಮೇಲೆ ನನಗೆ ಅರ್ಧ ವಿಷಯ ತಿಳಿಯಿತು.

ಆದರೂ ಊಹೆಯ ಮೇಲೆ ಕೈ ಹಾಕಬಾರದು. ಕೈಟ್‌ನ ಅದೇ ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿದೆ. ಇನ್‌ಸ್ಟಾಲ್ ಮಾಡದೆ ‘ಟ್ರೈ’ ಒತ್ತಿದರೆ ಸಾಕು. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯನ್ನು ‘ಎಫ್’ ಆಯ್ಕೆಯೊಂದಿಗೆ ಕೊಟ್ಟೆ. ಯಾವ ಡಿಸ್ಕಿನಲ್ಲಿ ಯಾವ ಭಾಗ, ಅದರ ಫೈಲ್ ಸಿಸ್ಟಮ್ ಯಾವುದು ಎಂದು ಅದು ತೋರಿಸುತ್ತದೆ. ಎಸ್‌ಎಸ್‌ಡಿಯಲ್ಲಿ ನಾಲ್ಕು ಭಾಗ ಕಂಡಿತು. ಮೊದಲನೆಯದು ಫ್ಯಾಟ್ 32ರ ಚಿಕ್ಕ ಭಾಗ, ಅದೇ ಬೂಟ್ ಫೈಲುಗಳು ಇರುವ ಇಎಫ್‌ಐ ಪಾರ್ಟಿಶನ್. ನಂತರ ಹೆಸರಿಲ್ಲದ 16 ಎಂಬಿಯ ಒಂದು ತುಂಡು. ಆಮೇಲೆ ವಿಂಡೋಸ್ ಇರುವ ದೊಡ್ಡ ಎನ್‌ಟಿಎಫ್‌ಎಸ್ ಭಾಗ. ಕೊನೆಯಲ್ಲಿ ವಿಂಡೋಸ್‌ನ ರಿಕವರಿ. ಎಲ್ಲ ಅದರದರ ಜಾಗದಲ್ಲೇ ಉಂಟು.

ಆ ದೊಡ್ಡ ಭಾಗದ ಎದುರು ಎನ್‌ಟಿಎಫ್‌ಎಸ್ ಎಂದು ಕಂಡದ್ದೇ ಒಂದು ಸಮಾಧಾನ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಅಲ್ಲಿ ಬಿಟ್‌ಲಾಕರ್ ಎಂದೇ ಬರುತ್ತದೆ. ಹಾಗಿದ್ದರೆ ನಾನು ಬಯೋಸ್ ಮುಟ್ಟುವ ಮೊದಲು 48 ಅಂಕಿಯ ರಿಕವರಿ ಕೀ ಹುಡುಕಿಸುತ್ತಿದ್ದೆ. ಸಹಿ ಇರುವ ಬೂಟ್ ಫೈಲನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಅಥವಾ ಬೂಟ್ ಕ್ರಮ ಬದಲಾದರೆ ಬಿಟ್‌ಲಾಕರ್ ಆ ಕೀ ಕೇಳಬಹುದು. ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆದರೆ ಆ ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ ಮನೆಗಳೇ ಜಾಸ್ತಿ. ಈ ಒಂದು ವಿಷಯ ನೋಡದೆ ಬಯೋಸ್ ಮುಟ್ಟಬೇಡಿ.

ವಿಂಡೋಸ್ ಭಾಗವನ್ನು ಓದುವುದಕ್ಕೆ ಮಾತ್ರ ಎಂದು ಮೌಂಟ್ ಮಾಡಿ, ಅಂದರೆ ಫೋಲ್ಡರಿನ ಹಾಗೆ ಜೋಡಿಸಿ, ಭಾವನಿಗೆ ತೋರಿಸಿದೆ.

‘ಬ್ರಹ್ಮಕಲಶದ ಲೆಕ್ಕ ಹೋಯ್ತಾ ಮಾರಾಯ?’

‘ಇಲ್ಲ ಭಾವ, ಎಲ್ಲ ಇದ್ದಲ್ಲೇ ಉಂಟು. ನೋಡಿ, ನಿಮ್ಮ ಫೋಲ್ಡರ್.’

ಆ ಫೋಲ್ಡರನ್ನು ಮೊದಲು ಬೇರೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ಅಕ್ಕನ ಮಗಳ ಶಾಲೆಯ ಫೈಲುಗಳನ್ನೂ ನಕಲು ಮಾಡಿದೆ. ಬೂಟ್ ರಿಪೇರಿಯಲ್ಲಿ ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೂ ನಕಲು ಕೈಯಲ್ಲಿದ್ದರೆ ಕೆಲಸ ಮಾಡುವವನಿಗೂ ಧೈರ್ಯ, ನೋಡುತ್ತ ಕೂತವರಿಗೂ ಧೈರ್ಯ. ಬೀಗದ ಕೈ ಕಳೆದುಹೋಗಿದೆ ಎಂದು ಯಾರೂ ಮನೆ ಕೆಡವುವುದಿಲ್ಲ. ಫಾರ್ಮ್ಯಾಟ್ ಎಂದರೆ ಅದೇ ತಾನೇ?

ನಿಜವಾಗಿ ಆಗಿದ್ದೇನು

ಹಳೆಯ ಬಯೋಸ್ ರೀತಿ ಬೇರೆ, ಈಗಿನ ಯುಇಎಫ್‌ಐ ರೀತಿ ಬೇರೆ. ಇದು ಗೊತ್ತಾದರೆ ಎರಡನೇ ಸಿಸ್ಟಮ್ ಹಾಕಿದ ಮೇಲೆ ಬರುವ ತೊಂದರೆಗಳಲ್ಲಿ ಬಹಳಷ್ಟು ತಾನಾಗಿ ಅರ್ಥವಾಗುತ್ತವೆ.

ಹಳೆಯ ರೀತಿಯಲ್ಲಿ ಯಂತ್ರ ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಶನ್ ಪಟ್ಟಿ, ಕೊನೆಯ 2 ಬೈಟ್ ಒಂದು ಗುರುತು. ಲೆಗಸಿ ರೀತಿಯ ಗ್ರಬ್ ತನ್ನ ಮೊದಲ ತುಣುಕನ್ನು ಆ 446 ಬೈಟ್‌ನಲ್ಲಿ ಇಡುತ್ತದೆ. ಉಳಿದದ್ದನ್ನು ಮೊದಲ ಪಾರ್ಟಿಶನ್‌ಗಿಂತ ಮುಂಚೆ ಖಾಲಿ ಇರುವ ಜಾಗದಲ್ಲಿ ಇಡುತ್ತದೆ.

ಯುಇಎಫ್‌ಐ ರೀತಿಯಲ್ಲಿ ಆ ಕೋಡ್‌ಗೆ ಕೆಲಸವೇ ಇಲ್ಲ. ಮದರ್‌ಬೋರ್ಡಿನ ಒಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಫ್ಯಾಟ್ 32ರ ಇಎಫ್‌ಐ ಪಾರ್ಟಿಶನ್ನನ್ನು ನೇರ ಓದುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್. ವಿಂಡೋಸ್‌ದು ಮೈಕ್ರೋಸಾಫ್ಟ್ ಎಂಬ ಫೋಲ್ಡರ್, ಉಬುಂಟುವಿನದು ಉಬುಂಟು ಎಂಬ ಫೋಲ್ಡರ್. ಯಾವ ಫೈಲನ್ನು ಮೊದಲು ಓಡಿಸಬೇಕು ಎಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ಹಾಗಾಗಿ ಎರಡು ಸಿಸ್ಟಮ್‌ಗಳು ಒಂದರ ಮೇಲೊಂದು ಬರೆಯದೆ ಒಟ್ಟಿಗೆ ಇರಬಹುದು. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ.

ಈ ಯಂತ್ರದಲ್ಲಿ ವಿಂಡೋಸ್ ಇದ್ದದ್ದು ಯುಇಎಫ್‌ಐ ರೀತಿಯಲ್ಲಿ. ಲೆಗಸಿ ಆನ್ ಮಾಡಿದ ಮೇಲೆ ಪೆನ್‌ಡ್ರೈವ್ ಹಳೆಯ ರೀತಿಯಲ್ಲಿ ಬೂಟ್ ಆಯಿತು. ಪೆನ್‌ಡ್ರೈವ್ ಯಾವ ರೀತಿಯಲ್ಲಿ ಬೂಟ್ ಆಗಿದೆಯೋ ಇನ್‌ಸ್ಟಾಲರ್ ಕೂಡ ಅದೇ ರೀತಿಯ ಗ್ರಬ್ ಹಾಕುತ್ತದೆ. ಹಾಗಾಗಿ ಹಾರ್ಡ್‌ಡಿಸ್ಕಿನ ತಲೆಯಲ್ಲಿ ಲೆಗಸಿ ಗ್ರಬ್ ಕೂತಿತು. ಲೆಗಸಿ ದಾರಿಯಲ್ಲಿ ಹೊರಟ ಗ್ರಬ್‌ಗೆ ಯುಇಎಫ್‌ಐ ರೀತಿಯ ವಿಂಡೋಸನ್ನು ಎಬ್ಬಿಸಲು ಆಗುವುದಿಲ್ಲ. ಅದಕ್ಕೆ ಬೇಕಾದ ಫರ್ಮ್‌ವೇರ್ ಸೌಕರ್ಯ ಆ ದಾರಿಯಲ್ಲಿ ಇಲ್ಲ. ಆದ್ದರಿಂದ ಮೆನುವಿನಲ್ಲಿ ವಿಂಡೋಸ್ ಬರಲಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಬಯೋಸ್‌ಗೆ ಹೋಗಿ ಲೆಗಸಿ ಆಫ್ ಮಾಡಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ರೀಸ್ಟಾರ್ಟ್. ವಿಂಡೋಸ್ ನೇರ ತೆರೆದುಕೊಂಡಿತು. ಭಾವ ಕೂತಲ್ಲಿಂದ ಎದ್ದೇ ಬಿಟ್ಟರು. ಅಕ್ಕನ ಮಗಳ ಮುಖ ಮಾತ್ರ ಸಣ್ಣದಾಯಿತು. ‘ಮಾವ, ಈಗ ನನ್ನದು ಹೋಯ್ತಲ್ಲ?’ ಎಂದಳು. ಅವಳ ಮಾತು ಸರಿ. ಈಗ ಲಿನಕ್ಸ್‌ಗೆ ದಾರಿ ಇಲ್ಲ. ಬಯೋಸ್‌ನಲ್ಲಿ ಪ್ರತಿ ಸಲ ಲೆಗಸಿ ಆನ್, ಆಫ್ ಮಾಡುತ್ತ ಎರಡನ್ನೂ ಬಳಸಬಹುದು. ಹಾಗೆ ನಡೆಸುವವರೂ ಇದ್ದಾರೆ. ಆದರೆ ಹತ್ತನೇ ಕ್ಲಾಸಿನ ಹುಡುಗಿ ಅಭ್ಯಾಸಕ್ಕೆ ಕೂರುವಾಗೆಲ್ಲ ಬಯೋಸ್ ತೆರೆಯಬೇಕು ಎನ್ನುವುದು ನನಗೆ ಸರಿ ಕಾಣಲಿಲ್ಲ. ಲಿನಕ್ಸನ್ನೂ ಯುಇಎಫ್‌ಐ ದಾರಿಗೆ ತರುವುದೇ ಸರಿಯಾದ ಪರಿಹಾರ. ಅದಕ್ಕೆ ಲಿನಕ್ಸನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಗ್ರಬ್ ಒಂದನ್ನು ಬದಲಿಸಿದರೆ ಸಾಕು.

ಗ್ರಬ್ ಬದಲಿಸಿದ ಬಗೆ

ಕೆಲಸಕ್ಕೆ ಮೊದಲು ಕರೆಂಟಿನ ವಿಚಾರ. ಈ ಲ್ಯಾಪ್‌ಟಾಪಿನ ಬ್ಯಾಟರಿ ಹಳತು, ಚಾರ್ಜರ್ ತೆಗೆದರೆ ಸ್ವಲ್ಪ ಹೊತ್ತಿಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಗಾಳಿ ಬೀಸಿದರೆ ಕರೆಂಟು ಹೋಯಿತು. ಬೂಟ್ ಫೈಲ್ ಬರೆಯುವ ಹೊತ್ತಿಗೆ ಯಂತ್ರ ಆಫ್ ಆದರೆ ಹೊಸ ತಲೆನೋವು. ಹಾಗಾಗಿ ಇನ್ವರ್ಟರ್ ಲೈನಿನ ಪ್ಲಗ್ ಹುಡುಕಿ ಅಲ್ಲೇ ಕೂತೆ.

ಪೆನ್‌ಡ್ರೈವನ್ನು ಈ ಸಲ ಯುಇಎಫ್‌ಐ ರೀತಿಯಲ್ಲೇ ಬೂಟ್ ಮಾಡಬೇಕು. ಮೊದಲು ಆ ಹುಡುಗನಿಗೆ ಅದು ಕಾಣದೆ ಇದ್ದದ್ದು ಯಾಕೆ? ಪೆನ್‌ಡ್ರೈವ್ ತಯಾರು ಮಾಡುವಾಗ ರೂಫಸ್ ಎಂಬ ಪ್ರೋಗ್ರಾಂನಲ್ಲಿ ‘ಬಯೋಸ್’ ಎಂಬ ಗುರಿ ಇಟ್ಟು ಬರೆದಿತ್ತು. ನಾನು ಅದನ್ನು ಜಿಪಿಟಿ (ಹೊಸ ರೀತಿಯ ಪಾರ್ಟಿಶನ್ ಪಟ್ಟಿ) ಮತ್ತು ಯುಇಎಫ್‌ಐ ಎಂದು ಬದಲಿಸಿ ಮತ್ತೆ ಬರೆದೆ. ಈಗ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರಿನ ಮುಂದೆ ಯುಇಎಫ್‌ಐ ಎಂದು ಸೇರಿಕೊಂಡು ಬಂತು. ಬೂಟ್ ಮೆನುವಿನ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಸಾಮಾನ್ಯವಾಗಿ ಎಫ್9, ಎಫ್12, ಎಸ್ಕೇಪ್ ಇವುಗಳಲ್ಲಿ ಒಂದು ಇರುತ್ತದೆ.

ಪರದೆ ನೋಡಿ ಯಾವ ರೀತಿಯಲ್ಲಿ ಬೂಟ್ ಆಗಿದೆ ಎಂದು ಹೇಳುವುದು ಕಷ್ಟ. ಖಚಿತ ಮಾಡಲು ಒಂದು ಸುಲಭ ಪರೀಕ್ಷೆ ಉಂಟು. ಲಿನಕ್ಸ್‌ನ ಬೇರಿನಲ್ಲಿರುವ ‘ಸಿಸ್’ ಫೋಲ್ಡರ್ ಒಳಗೆ ‘ಫರ್ಮ್‌ವೇರ್’, ಅದರೊಳಗೆ ‘ಇಎಫ್‌ಐ’ ಎಂಬ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಯುಇಎಫ್‌ಐ. ಇಲ್ಲದಿದ್ದರೆ ಲೆಗಸಿ. ಅಲ್ಲಿ ಇಲ್ಲ ಎಂದು ಬಂದರೆ ಮುಂದೆ ಹೋಗಬೇಡಿ, ರೀಸ್ಟಾರ್ಟ್ ಮಾಡಿ ಸರಿಯಾದ ಹೆಸರನ್ನೇ ಆರಿಸಿ. ಹೆಚ್ಚಿನವರ ರಿಪೇರಿ ಕೆಡುವುದು ಇದೊಂದನ್ನು ನೋಡದೆ. ಸುಮ್ನೆ ಎಲ್ಲ ಆಜ್ಞೆ ಕೊಡುತ್ತ ಹೋಗುತ್ತಾರೆ, ಕೊನೆಗೆ ಮತ್ತೆ ಲೆಗಸಿ ಗ್ರಬ್ಬೇ ಕೂರುತ್ತದೆ.

ಪರೀಕ್ಷೆ ಪಾಸಾಯಿತು. ಹಾರ್ಡ್‌ಡಿಸ್ಕಿನಲ್ಲಿರುವ ಲಿನಕ್ಸ್ ಭಾಗವನ್ನು ‘ಎಂಎನ್‌ಟಿ’ ಫೋಲ್ಡರಿಗೆ ಮೌಂಟ್ ಮಾಡಿದೆ. ಅದರ ಒಳಗಿನ ‘ಬೂಟ್’ ಫೋಲ್ಡರಿನಲ್ಲಿ ‘ಇಎಫ್‌ಐ’ ಎಂಬ ಹೊಸ ಫೋಲ್ಡರ್ ಮಾಡಿ ಎಸ್‌ಎಸ್‌ಡಿಯ ಫ್ಯಾಟ್ 32 ಭಾಗವನ್ನು ಅಲ್ಲಿ ಮೌಂಟ್ ಮಾಡಿದೆ. ವಿಂಡೋಸ್‌ನ ಇಎಫ್‌ಐ ಪಾರ್ಟಿಶನ್ನನ್ನೇ ಲಿನಕ್ಸ್ ಕೂಡ ಬಳಸಬಹುದು. ಇನ್ನೊಂದು ಮಾಡಬೇಕಾಗಿಲ್ಲ, ಇದ್ದದ್ದನ್ನು ಫಾರ್ಮ್ಯಾಟ್ ಮಾಡಲೇಬಾರದು. ಮಾಡಿದರೆ ವಿಂಡೋಸ್‌ನ ಬೂಟ್ ಫೈಲೂ ಅದರ ಜೊತೆಗೆ ಹೋಗುತ್ತದೆ.

ಆಮೇಲೆ ಲೈವ್ ಸಿಸ್ಟಮ್‌ನ ‘ಡೆವ್’, ‘ಪ್ರೋಕ್’, ‘ಸಿಸ್’, ‘ರನ್’ ಎಂಬ ನಾಲ್ಕು ಫೋಲ್ಡರುಗಳನ್ನು ಒಳಗಿನ ಲಿನಕ್ಸ್‌ಗೆ ಜೋಡಿಸಬೇಕು. ಇಲ್ಲಿ ಒಂದು ಸೂಕ್ಷ್ಮ ಉಂಟು. ಬರೀ ‘ಬೈಂಡ್’ ಎಂದು ಜೋಡಿಸಿದರೆ ‘ಸಿಸ್’ ಮಾತ್ರ ಬರುತ್ತದೆ, ಅದರ ಹೊಟ್ಟೆಯಲ್ಲಿ ಬೇರೆಯಾಗಿ ಮೌಂಟ್ ಆಗಿರುವ ಇಎಫ್‌ಐ ವೇರಿಯಬಲ್‌ಗಳು ಬರುವುದಿಲ್ಲ. ಆಗ ಗ್ರಬ್ ಹಾಕುವಾಗ ‘ಈ ಸಿಸ್ಟಮ್‌ನಲ್ಲಿ ಇಎಫ್‌ಐ ವೇರಿಯಬಲ್ ಇಲ್ಲ’ ಎಂದು ಎಚ್ಚರಿಕೆ ಬರುತ್ತದೆ. ಫೈಲುಗಳು ಬರೆದಿರುತ್ತವೆ, ಆದರೆ ಮದರ್‌ಬೋರ್ಡಿನ ಪಟ್ಟಿಗೆ ಹೆಸರು ಸೇರುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಏನೂ ಬದಲಾಗಿರುವುದಿಲ್ಲ. ಅದಕ್ಕೆ ‘ಆರ್‌ಬೈಂಡ್’ ಬಳಸಬೇಕು. ಅದು ಒಳಗಿನ ಮೌಂಟ್‌ಗಳನ್ನೂ ಸೇರಿಸಿ ತರುತ್ತದೆ. ‘ರನ್’ ಜೋಡಿಸುವುದಕ್ಕೂ ಕಾರಣ ಉಂಟು. ಉಬುಂಟುವಿನಲ್ಲಿ ಇಂಟರ್ನೆಟ್ ವಿಳಾಸ ಹುಡುಕುವ ಫೈಲಿನ ಕೊಂಡಿ ಅಲ್ಲಿಗೆ ಹೋಗುತ್ತದೆ. ಅದು ಇಲ್ಲದಿದ್ದರೆ ನೆಟ್ ಇದ್ದರೂ ಡೌನ್‌ಲೋಡ್ ಆಗುವುದಿಲ್ಲ.

ಇಷ್ಟಾದ ಮೇಲೆ ‘ಸಿಎಚ್‌ರೂಟ್’ ಕೊಟ್ಟು ಒಳಗಿನ ಲಿನಕ್ಸ್‌ಗೆ ಇಳಿದೆ. ಮೊಬೈಲನ್ನು ಯುಎಸ್‌ಬಿಯಿಂದ ಜೋಡಿಸಿ ನೆಟ್ ಕೊಟ್ಟೆ. ಪೆರ್ಲದ ಆ ಗುಡ್ಡದ ಬದಿಯ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ. ಇನ್ವರ್ಟರ್ ಪ್ಲಗ್‌ನಿಂದ ಅಲ್ಲಿಗೆ ಎಕ್ಸ್‌ಟೆನ್ಶನ್ ಎಳೆಯಬೇಕಾಯಿತು. ಪ್ಯಾಕೇಜ್ ತರಿಸಿ ಹಾಕುವ ಆಪ್ಟ್ ಮೂಲಕ ಯುಇಎಫ್‌ಐ ರೀತಿಯ, ಸಹಿ ಇರುವ ಗ್ರಬ್ ಪ್ಯಾಕೇಜ್ ಮತ್ತು ಸಹಿ ಇರುವ ಶಿಮ್ ಪ್ಯಾಕೇಜ್ ಹಾಕಿದೆ. ಶಿಮ್ ಎಂದರೆ ಸೆಕ್ಯೂರ್ ಬೂಟ್ ಒಪ್ಪುವಂತೆ ಗ್ರಬ್‌ಗಿಂತ ಮೊದಲು ಓಡುವ ಚಿಕ್ಕ ಪ್ರೋಗ್ರಾಂ. ಲೆಗಸಿ ಗ್ರಬ್‌ನ ಪ್ಯಾಕೇಜನ್ನು ತೆಗೆಯಲೇ ಎಂದು ಆಪ್ಟ್ ಕೇಳಬಹುದು. ಕೇಳಿದರೆ ಹೌದು ಎನ್ನಿ.

ನಂತರ, ಆನ್ ಆಗುವಾಗ ಯಾವುದೆಲ್ಲ ಮೌಂಟ್ ಆಗಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇಎಫ್‌ಐ ಪಾರ್ಟಿಶನ್‌ನ ಗುರುತಿನ ಸಂಖ್ಯೆ (ಯುಯುಐಡಿ) ಬರೆದು ಒಂದು ಸಾಲು ಸೇರಿಸಿದೆ. ಇದನ್ನು ಮರೆತರೆ ಇವತ್ತು ಎಲ್ಲ ಸರಿ ಇರುತ್ತದೆ. ಮುಂದೆ ಗ್ರಬ್ ಅಪ್‌ಡೇಟ್ ಬಂದಾಗ ಆ ಪಾರ್ಟಿಶನ್ ಮೌಂಟ್ ಆಗಿರುವುದಿಲ್ಲ, ಹೊಸ ಫೈಲು ಹೋಗಬೇಕಾದ ಜಾಗಕ್ಕೆ ಹೋಗುವುದಿಲ್ಲ.

ಕೊನೆಗೆ ‘ಗ್ರಬ್-ಇನ್‌ಸ್ಟಾಲ್’. ಬೂಟ್‌ಲೋಡರ್‌ಗೆ ಹೆಸರು ಕೊಡುವಾಗ ಉಬುಂಟು ಎಂದೇ ಕೊಟ್ಟೆ. ಕೈಟ್ ಎಂದು ಹಾಕಲು ಮನಸ್ಸಿತ್ತು. ಆದರೆ ಉಬುಂಟುವಿನ ಸಹಿ ಇರುವ ಗ್ರಬ್ ತನ್ನ ಕಾನ್ಫಿಗ್ ಹುಡುಕುವುದು ಉಬುಂಟು ಎಂಬ ಫೋಲ್ಡರಿನಲ್ಲಿ. ಹೆಸರು ಬದಲಿಸಿದರೆ ಮೆನು ಬರದೆ ಗ್ರಬ್‌ನ ಖಾಲಿ ಆಜ್ಞಾ ಸಾಲು ಬಂದು ನಿಲ್ಲುತ್ತದೆ. ಹೆಸರಿನ ಚಂದಕ್ಕಾಗಿ ಆ ತೊಂದರೆ ಬೇಡ.

ಮೆನುವಿಗೆ ವಿಂಡೋಸ್ ಸೇರಿಸುವುದು ಓಎಸ್-ಪ್ರೋಬರ್ ಎಂಬ ಪ್ರೋಗ್ರಾಂ. ಗ್ರಬ್ 2.06ರಿಂದ ಅದು ತಾನಾಗಿ ಓಡುವುದಿಲ್ಲ, ಭದ್ರತೆಯ ಕಾರಣಕ್ಕೆ ಮೊದಲೇ ಆಫ್ ಮಾಡಿ ಇಟ್ಟಿದ್ದಾರೆ. ಉಬುಂಟು 22.04ರಲ್ಲಿ ಇರುವುದು ಅದೇ 2.06. ‘ಅಪ್‌ಡೇಟ್-ಗ್ರಬ್’ ಕೊಟ್ಟಾಗ ಓಎಸ್-ಪ್ರೋಬರ್ ಓಡುವುದಿಲ್ಲ ಎಂದು ಒಂದು ಸಾಲು ಬರುತ್ತದೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ಗ್ರಬ್‌ನ ಡಿಫಾಲ್ಟ್ ಫೈಲಿನಲ್ಲಿ ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಎಂಬ ಸಾಲಿಗೆ ‘ಫಾಲ್ಸ್’ ಎಂದು ಕೊಟ್ಟು ಮತ್ತೆ ಓಡಿಸಿದೆ. ಈಗ ‘ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು’ ಎಂಬ ಸಾಲು ಬಂತು. ಮಗಳಿಗೆ ಆ ಸಾಲು ತೋರಿಸಿದೆ. ಅವಳೇ ಜೋರಾಗಿ ಓದಿದಳು.

ಆದರೂ ಮೆನು ಬರಲಿಲ್ಲ

ರೀಸ್ಟಾರ್ಟ್ ಮಾಡಿದರೆ ಮತ್ತೆ ನೇರ ವಿಂಡೋಸ್. ಗ್ರಬ್ ಮೆನು ಕಾಣಲೇ ಇಲ್ಲ. ಇಲ್ಲಿ ಗಾಬರಿಯಾಗಿ ಎಲ್ಲ ಮೊದಲಿನಿಂದ ಮಾಡಬಾರದು. ಗ್ರಬ್ ಕೆಟ್ಟಿದೆಯಾ, ಅಥವಾ ಗ್ರಬ್‌ನ ವರೆಗೆ ಯಂತ್ರ ಹೋಗಲೇ ಇಲ್ಲವಾ ಎಂದು ಬೇರೆ ಬೇರೆ ನೋಡಬೇಕು. ಬೂಟ್ ಮೆನುವಿನ ಕೀ ಒತ್ತಿದೆ. ಪಟ್ಟಿಯಲ್ಲಿ ಉಬುಂಟು ಇತ್ತು. ಅದನ್ನು ಆರಿಸಿದರೆ ಗ್ರಬ್ ಸರಿಯಾಗಿ ಬಂತು. ಎರಡು ಹೆಸರೂ ಇತ್ತು, ಎರಡೂ ತೆರೆದವು. ಅಂದರೆ ನಮ್ಮ ಕೆಲಸ ಸರಿ ಆಗಿದೆ. ಕ್ರಮ ಮಾತ್ರ ತಪ್ಪಿದೆ.

ಲಿನಕ್ಸ್‌ನಲ್ಲಿ ‘ಇಎಫ್‌ಐಬೂಟ್‌ಎಂಜಿಆರ್’ ಆಜ್ಞೆಯಿಂದ ಈ ಕ್ರಮವನ್ನು ನೋಡಬಹುದು, ಬದಲಿಸಬಹುದು. ಉಬುಂಟುವನ್ನು ಮೊದಲಿಗೆ ತಂದೆ. ರೀಸ್ಟಾರ್ಟ್ ಆದ ಮೇಲೆ ಫರ್ಮ್‌ವೇರ್ ವಿಂಡೋಸನ್ನು ಮತ್ತೆ ಮೇಲೆ ಹಾಕಿತ್ತು. ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಹೀಗೇ. ಹೊರಗಿನಿಂದ ಕೊಟ್ಟ ಕ್ರಮವನ್ನು ಒಪ್ಪುವುದಿಲ್ಲ, ತನ್ನ ಸೆಟ್ಟಿಂಗ್ಸ್ ಪುಟದಲ್ಲಿ ಕೊಟ್ಟದ್ದನ್ನು ಮಾತ್ರ ಒಪ್ಪುತ್ತದೆ. ಬಯೋಸ್‌ನ ಬೂಟ್ ಕ್ರಮದಲ್ಲಿ ‘ಓಎಸ್ ಬೂಟ್ ಮ್ಯಾನೇಜರ್’ ಎಂಬ ಸಾಲಿನ ಮೇಲೆ ಎಂಟರ್ ಒತ್ತಿದಾಗ ಒಳಗೆ ಇನ್ನೊಂದು ಚಿಕ್ಕ ಪಟ್ಟಿ ಸಿಕ್ಕಿತು. ಅಲ್ಲಿ ಉಬುಂಟುವನ್ನು ಮೇಲೆ ಇಟ್ಟು ಸೇವ್ ಮಾಡಿದೆ. ಈಗ ನಿಂತಿತು.

ಅಂಥ ಪಟ್ಟಿಯೇ ಇಲ್ಲದ ಯಂತ್ರಗಳೂ ಇವೆ. ಆಗ ವಿಂಡೋಸ್‌ನಲ್ಲಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಎಡಿಟ್ ಎಂಬ ಆಜ್ಞೆಯ ಮೂಲಕ ಬೂಟ್ ಮ್ಯಾನೇಜರಿನ ದಾರಿಯನ್ನು ಉಬುಂಟು ಫೋಲ್ಡರಿನ ಶಿಮ್ ಫೈಲಿಗೆ ತಿರುಗಿಸಬಹುದು. ಇನ್ನು ಕೆಲವರು ಮೈಕ್ರೋಸಾಫ್ಟ್ ಫೋಲ್ಡರಿನ ಒಳಗೆ ಹೋಗಿ ವಿಂಡೋಸ್‌ನ ಬೂಟ್ ಫೈಲಿನ ಹೆಸರು ಬದಲಿಸಿ, ಅದರ ಜಾಗದಲ್ಲಿ ಗ್ರಬ್ ಇಡುತ್ತಾರೆ. ನಾನು ಅದನ್ನು ಮಾಡುವುದಿಲ್ಲ. ವಿಂಡೋಸ್ ಅಪ್‌ಡೇಟ್ ಬಂದಾಗ ಆ ಫೈಲು ಮತ್ತೆ ಬರೆಯಲ್ಪಡುತ್ತದೆ, ಆಮೇಲೆ ಯಾರದ್ದು ಯಾವುದು ಎಂದು ಗೊತ್ತಾಗದ ಸ್ಥಿತಿ ಬರುತ್ತದೆ.

ಎಲ್ಲ ಸರಿಯಾದ ಮೇಲೆ ಸೆಕ್ಯೂರ್ ಬೂಟ್ ಕೂಡ ಆನ್ ಮಾಡಿದೆ. ಶಿಮ್‌ಗೆ ಮೈಕ್ರೋಸಾಫ್ಟ್‌ನ ಸಹಿ ಇರುವುದರಿಂದ ಎರಡೂ ತೊಂದರೆಯಿಲ್ಲದೆ ತೆರೆದವು. ಆದರೆ ಹಳೆಯ ಪೆನ್‌ಡ್ರೈವ್ ಇಟ್ಟುಕೊಂಡವರಿಗೆ ಒಂದು ಮಾತು. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಹಳೆಯ, ದೋಷವಿದ್ದ ಬೂಟ್‌ಲೋಡರ್‌ಗಳನ್ನು ತಡೆಯುವ ಎಸ್‌ಬಿಎಟಿ ಎಂಬ ಪಟ್ಟಿಯನ್ನು ಹಾಕಿತು. ಆಮೇಲೆ ಎಷ್ಟೋ ಕಡೆ ಎರಡು ಸಿಸ್ಟಮ್ ಇದ್ದ ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದೆ ‘ಶಿಮ್ ಎಸ್‌ಬಿಎಟಿ ಪರಿಶೀಲನೆ ವಿಫಲ, ಭದ್ರತಾ ನೀತಿಯ ಉಲ್ಲಂಘನೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದು ಯಂತ್ರ ಆಫ್ ಆಗುತ್ತಿತ್ತು. ಅದು ಬಂದರೆ ಡಿಸ್ಕಿಗೆ ಏನೂ ಆಗಿಲ್ಲ ಎಂದು ತಿಳಿಯಿರಿ. ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಿ, ಲಿನಕ್ಸ್ ತೆರೆದು ಶಿಮ್ ಮತ್ತು ಗ್ರಬ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಬಹುದು.

ಇನ್ನೊಂದು ರೀತಿಯ ತೊಂದರೆ ಇಲ್ಲಿ ಬರಲಿಲ್ಲ, ಆದರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತದೆ. ಲೈವ್ ಲಿನಕ್ಸ್‌ನಲ್ಲಿ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ‘ಇಂಟೆಲ್ ಆರ್‌ಎಸ್‌ಟಿ’ ರೀತಿಯಲ್ಲಿ ಇದೆಯಾ ನೋಡಿ. ಅದನ್ನು ನೇರವಾಗಿ ಎಎಚ್‌ಸಿಐ ಎಂಬ ಮಾಮೂಲಿ ರೀತಿಗೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಹೊಂದಿಸಿ, ಬಯೋಸ್ ಬದಲಿಸಿ, ಒಂದು ಸಲ ಸೇಫ್ ಮೋಡ್‌ಗೆ ಹೋಗಿ ಬಂದರೆ ಅದು ಹೊಂದಿಕೊಳ್ಳುತ್ತದೆ.

ಉಳಿದ ಚಿಕ್ಕ ಕೆಲಸಗಳು

ಮಗಳು ಲಿನಕ್ಸ್‌ನಲ್ಲಿ ಡಿ ಡ್ರೈವ್ ತೆರೆದು ತನ್ನ ಫೈಲ್ ಸೇವ್ ಮಾಡಲು ಹೋದಳು. ಆಗಲಿಲ್ಲ. ಓದಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ. ಇದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. 2012ರ ವಿಂಡೋಸ್ 8ರಿಂದ ಬಂದ ಸೌಲಭ್ಯ ಇದು. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಡ್ರೈವ್‌ಗಳು ಇನ್ನೂ ತನ್ನ ಕೈಯಲ್ಲೇ ಇವೆ ಎಂಬ ಗುರುತು ಉಳಿದಿರುತ್ತದೆ. ಅದನ್ನು ಕಂಡ ಲಿನಕ್ಸ್ ಆ ಡ್ರೈವಿಗೆ ಬರೆಯಲು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ. ಬಲವಂತ ಮಾಡಿ ಬರೆದರೆ ಫೈಲುಗಳು ಕೆಡುತ್ತವೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪವರ್ ಬಟನ್‌ಗಳ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಗುರುತು ತೆಗೆದೆ. ಎಸ್‌ಎಸ್‌ಡಿ ಇರುವುದರಿಂದ ತೆರೆಯುವ ವೇಗದಲ್ಲಿ ಭಾವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಆಮೇಲೆ ಗಡಿಯಾರ. ರಾತ್ರಿ ಎಂಟು ಗಂಟೆಗೆ ವಿಂಡೋಸ್ ತೆರೆದರೆ ಮಧ್ಯಾಹ್ನ ಎರಡೂವರೆ ತೋರಿಸಿತು. ಐದೂವರೆ ಗಂಟೆ ಹಿಂದೆ. ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಅಷ್ಟೇ ಮುಂದೆ ಇದೆ, ಅಲ್ವಾ? ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಇಡುತ್ತದೆ. ವಿಂಡೋಸ್ ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಬ್ಯಾಟರಿ ಹೋಗಿದೆ ಎಂದು ಇದಕ್ಕೆ ಮದರ್‌ಬೋರ್ಡಿನ ಬಟನ್ ಸೆಲ್ ಬದಲಿಸುವವರೂ ಇದ್ದಾರೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಸೆಲ್‌ನ ತಪ್ಪಲ್ಲ. ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ‘ಊರಿನ ಸಮಯವನ್ನೇ ಇಡು’ ಎಂದು ಲಿನಕ್ಸ್‌ಗೆ ಹೇಳಿದೆ. ವಿಂಡೋಸ್‌ನ ರಿಜಿಸ್ಟ್ರಿ ಬದಲಿಸಿ ಅದನ್ನೇ ಯುಟಿಸಿಗೆ ತರುವುದು ಇನ್ನೂ ಶುದ್ಧವಾದ ದಾರಿ. ಆದರೆ ಭಾವನ ಯಂತ್ರದಲ್ಲಿ ವಿಂಡೋಸನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು ಎನಿಸಿತು.

ಹಾರ್ಡ್‌ಡಿಸ್ಕಿನ ತಲೆಯಲ್ಲಿ ಆ ಹಳೆಯ ಲೆಗಸಿ ಗ್ರಬ್ ಇನ್ನೂ ಉಂಟು. ಅದನ್ನು ಅಳಿಸಲಿಲ್ಲ. ಅಳಿಸುವ ಆಜ್ಞೆಯಲ್ಲಿ 446 ಎಂದು ಕೊಡಬೇಕಾದಲ್ಲಿ 512 ಎಂದು ಕೊಟ್ಟರೆ ಪಾರ್ಟಿಶನ್ ಪಟ್ಟಿಯೇ ಹೋಗುತ್ತದೆ. ಲೆಗಸಿ ಆಫ್ ಇರುವ ತನಕ ಆ ಕೋಡ್ ಓಡುವುದೇ ಇಲ್ಲ. ಲಾಭವಿಲ್ಲದ ಅಪಾಯ ಯಾಕೆ?

ಮೆನು ಹತ್ತು ಸೆಕೆಂಡ್ ನಿಲ್ಲುತ್ತದೆ. ಏನೂ ಒತ್ತದಿದ್ದರೆ ವಿಂಡೋಸ್‌ಗೆ ಹೋಗುತ್ತದೆ, ಅದು ಭಾವನ ಬೇಡಿಕೆ. ಡಿಫಾಲ್ಟ್ ಕೊಡುವಾಗ ಸಾಲಿನ ನಂಬರ್ ಕೊಡದೆ ವಿಂಡೋಸ್ ಸಾಲಿನ ಪೂರ್ತಿ ಹೆಸರನ್ನೇ ಕೊಟ್ಟೆ. ಮೆನುವಿಗೆ ಸಾಲು ಸೇರಿದರೆ ನಂಬರ್ ಜರುಗುತ್ತದೆ, ಹೆಸರು ಜರುಗುವುದಿಲ್ಲ.

ಮಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವಳ ಕೈಯಲ್ಲೇ ಬರೆಸಿದ್ದು ಇಷ್ಟು. ಒಂದು ದಿನ ಮೆನು ಬರದೆ ನೇರ ವಿಂಡೋಸ್ ತೆರೆದರೆ, ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಿ ಉಬುಂಟು ಆರಿಸು. ಅದು ತೆರೆದರೆ ಕ್ರಮ ಮಾತ್ರ ಬದಲಾಗಿದೆ, ಬಯೋಸ್‌ನ ಚಿಕ್ಕ ಪಟ್ಟಿಯಲ್ಲಿ ಮೇಲೆ ತಾ. ಪಟ್ಟಿಯಲ್ಲಿ ಉಬುಂಟು ಇಲ್ಲವೇ ಇಲ್ಲ ಎಂದಾದರೆ ಪರದೆಯ ಫೋಟೋ ತೆಗೆದು ಮಾವನಿಗೆ ಕಳಿಸು. ಲೆಗಸಿ ಮುಟ್ಟಬೇಡ. ಯಾರು ಹೇಳಿದರೂ ಫಾರ್ಮ್ಯಾಟ್‌ಗೆ ಕೊಡಬೇಡ.